ಸುಳ್ಳು ಹೆಸರಿನಲ್ಲಿ ಮನೆಗೆ ಬಂದವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಉತ್ತರಿಸುವಾಗ ನಕಲಿ ಅಧಿಕಾರಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ. ನಾನು ಹಾಸನದ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಈಗ ಸಾಲಗಾಮೆ ರಸ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಆಪ್ತಸಮಾಲೋಚನೆ ನಡೆಸುತ್ತೇನೆ. ಇಂಥ ಅನುಭವ ಆದವರು ನನ್ನೆದುರು ಕೂತಾಗ ಮೊದಲ ಅರ್ಧ ಗಂಟೆ ಬೇರೆ ಏನೇನೋ ಮಾತಾಡುತ್ತಾರೆ. ನಿಜ ಸಂಗತಿ ಹೇಳಲು ನಾಚಿಕೆ. ಪತ್ರಗಳಲ್ಲೂ ಆ ನಾಚಿಕೆ ಕಾಣುತ್ತಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಪತ್ರಗಳನ್ನು ಚಿಕ್ಕದು ಮಾಡಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಆರು ಎಕರೆ ರೊಬಸ್ಟಾ ಕಾಫಿ ತೋಟ. ಅಪ್ಪ ತೀರಿಕೊಂಡ ಮೇಲೆ ತೋಟ, ಮನೆ ಎರಡನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಮದುವೆಮನೆಯಲ್ಲಿ ಪರಿಚಯವಾದ ಹುಡುಗನೊಬ್ಬ ನನ್ನ ತಂಗಿಯನ್ನು ಕೇಳಿದ. ಕೆಎಎಸ್ ಆಗಿದೆ, ಪೋಸ್ಟಿಂಗ್ ಕಾಯುತ್ತಿದ್ದಾನೆ ಎಂದು ಎಲ್ಲರೂ ಮಾತಾಡಿಕೊಂಡರು. ತಿಂಗಳುಗಟ್ಟಲೆ ಮನೆಯವನ ಹಾಗೆ ಬಂದು ಹೋದ. ಜಮೀನಿನ ಪೋಡಿ ಕೆಲಸಕ್ಕೆ ನನ್ನ ಜೊತೆ ತಾಲ್ಲೂಕು ಕಚೇರಿಗೂ ಬಂದ. ಅಪ್ಪನ ವರ್ಷದ ತಿಥಿಗೆ ಬಂದವನು ಫೋಟೊ ಮುಂದೆ ನಿಂತು ಅತ್ತ. ಪೋಸ್ಟಿಂಗ್ ಖರ್ಚಿಗೆ ಅಂತ ಎರಡೂವರೆ ಲಕ್ಷ ತಗೊಂಡ. ಈಗ ನೋಡಿದರೆ ಡಿಗ್ರಿಯನ್ನೇ ಮುಗಿಸಿಲ್ಲ, ಹೇಳಿದ ಹೆಸರೂ ಅವನದ್ದಲ್ಲ. ಫೋನ್ ಸ್ವಿಚ್ ಆಫ್. ದುಡ್ಡು ಹೋಗಲಿ, ಆ ಕಣ್ಣೀರೂ ಸುಳ್ಳಾ? ನಾವು ಓದಿದವರು, ಹೇಗೆ ಮೋಸ ಹೋದೆವು? ಅಮ್ಮ ಯಾರಿಗೂ ಹೇಳಬೇಡ ಅನ್ನುತ್ತಾರೆ. ತಂಗಿ ಮಾತೇ ಬಿಟ್ಟಿದ್ದಾಳೆ.
— ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ತಂಗೀ, ನೀವು ಬರೆದ ನಾಲ್ಕು ಪುಟಗಳನ್ನೂ ನಿಧಾನವಾಗಿ ಓದಿದೆ. ಎರಡನೆಯ ಪುಟದಲ್ಲಿ ಒಂದು ವಿವರ ಇದೆ, ನೀವೇ ಅದನ್ನು ಗಮನಿಸಿದಂತಿಲ್ಲ. ಮೊದಲ ದಿನ ಅವನು ಅಂದದ್ದು ‘ಸೆಲೆಕ್ಷನ್ ಆಗಿದೆ’ ಅಂತ ಮಾತ್ರ. ‘ಕೆಎಎಸ್ಸಾ?’ ಅಂತ ಕೇಳಿದವರು ನಿಮ್ಮ ಚಿಕ್ಕಪ್ಪ. ಅವನು ಹೂಂ ಅಂದ. ‘ಹಾಗಾದರೆ ತಹಸೀಲ್ದಾರ್ ಆಗಿ ಇಲ್ಲಿಗೇ ಬರಬಹುದು’ ಅಂದವರು ನಿಮ್ಮಮ್ಮ. ಅವನು ನಕ್ಕ. ಲೈನ್ ಮನೆಯ ಕೂಲಿಯವರಿಗೆ ‘ಸಾಹೇಬ್ರು ಬಂದ್ರು’ ಅಂತ ಹೇಳಿಕೊಟ್ಟವರು ನಿಮ್ಮ ತೋಟದ ಲೆಕ್ಕ ಬರೆಯುವ ರೈಟ್ರು. ಅವನು ತಂದದ್ದು ಅರ್ಧ ಮಾತು, ಉಳಿದರ್ಧ ಆ ಅಂಗಳದಲ್ಲೇ ಸಿದ್ಧವಾಯಿತು. ತಪ್ಪು ನಿಮ್ಮದು ಅಂತ ಹೇಳಲು ಇದನ್ನು ಎತ್ತಿಲ್ಲ. ಸುಳ್ಳು ಗುರುತಿನವರು ಎಲ್ಲ ಕಡೆ ಹೀಗೇ ಕೆಲಸ ಮಾಡುತ್ತಾರೆ. ತಾವಾಗಿ ಹೆಚ್ಚು ಹೇಳುವುದಿಲ್ಲ. ಎದುರಿನವರು ಏನನ್ನು ಹಂಬಲಿಸುತ್ತಿದ್ದಾರೆ ಅನ್ನುವುದನ್ನು ಕೇಳಿಸಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿ ಯಜಮಾನರಿಲ್ಲ, ಪೋಡಿ ಆಗದೆ ಫೈಲು ಕೂತಿದೆ, ಕಚೇರಿಯಲ್ಲಿ ಹೆಣ್ಣುಮಗಳು ಒಬ್ಬಳೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ. ಆ ಹೊತ್ತಿಗೆ ನಿಮಗೆ ಬೇಕಿದ್ದ ಮನುಷ್ಯನ ಹಾಗೆ ಅವನು ಬಂದು ನಿಂತ.

ಓದಿದವರು ಅಂದಿರಿ. ಇಂಗ್ಲೆಂಡಿನ ಟಿಚ್‌ಬೋರ್ನ್ ಅನ್ನುವ ಸಿರಿವಂತ ಮನೆತನದ ಮಗ ರೋಜರ್ 1854ರಲ್ಲಿ ಹಡಗು ಮುಳುಗಿ ಕಾಣೆಯಾದ. ತಾಯಿ ಮಾತ್ರ ಮಗ ಬದುಕಿದ್ದಾನೆ ಎಂದೇ ನಂಬಿ ದೂರದೂರದ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. ಆಸ್ಟ್ರೇಲಿಯಾದ ವಾಗಾ ವಾಗಾ ಊರಿನ ಒಬ್ಬ ಮಾಂಸದ ಅಂಗಡಿಯವನು ನಾನೇ ರೋಜರ್ ಅಂತ ಹೊರಟ. ನಿಜವಾದ ರೋಜರ್ ಸಣಕಲು ಮೈಯವನು, ಇವನದು ಭಾರೀ ದೇಹ. ರೋಜರ್ ಪ್ಯಾರಿಸ್‌ನಲ್ಲಿ ಬೆಳೆದವನು, ಫ್ರೆಂಚ್ ಅವನಿಗೆ ಮನೆಮಾತು. ಇವನಿಗೆ ಫ್ರೆಂಚ್ ಬರುತ್ತಲೇ ಇರಲಿಲ್ಲ. 1867ರ ಜನವರಿಯಲ್ಲಿ ಪ್ಯಾರಿಸ್‌ನ ಹೋಟೆಲ್ ಕೋಣೆಯಲ್ಲಿ ಅವನು ಹುಷಾರಿಲ್ಲ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಾಯಿ ಒಳಗೆ ಬಂದು ನೋಡಿ, ಇವನೇ ನನ್ನ ಮಗ ಅಂದರು. ವರ್ಷಕ್ಕೆ ಸಾವಿರ ಪೌಂಡ್ ಕೊಡುವ ಏರ್ಪಾಡನ್ನೂ ಮಾಡಿದರು. ಕೊನೆಗೆ ಕೋರ್ಟು 1874ರಲ್ಲಿ ಅವನಿಗೆ 14 ವರ್ಷ ಶಿಕ್ಷೆ ಕೊಟ್ಟಿತು. ಆರ್ಥರ್ ಆರ್ಟನ್ ಅನ್ನುವವನೇ ಇವನು ಎಂದು ತೀರ್ಮಾನವಾಯಿತು. ಅದನ್ನು ನೋಡಲು ಆ ತಾಯಿ ಬದುಕಿರಲಿಲ್ಲ. ಆಕೆಯನ್ನು ದಡ್ಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಗನ ದೇಹ ಸಿಕ್ಕದ ತಾಯಿ ಆಕೆ.

ಇನ್ನು ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ, ಆ ಕಣ್ಣೀರು. ಪತ್ರ ಓದಿ ಮನುಷ್ಯನ ಮನಸ್ಸಿಗೆ ಹೆಸರಿಡುವುದು ನಮ್ಮ ಕಸುಬಿಗೆ ಒಪ್ಪದ ಕೆಲಸ, ಹಾಗಾಗಿ ಅವನಿಗೆ ಇಂಥದೇ ಕಾಯಿಲೆ ಎಂದು ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಗೊತ್ತಿರುವುದನ್ನು ಹೇಳುತ್ತೇನೆ. ದುಡ್ಡಿಗಾಗಿಯೇ ವೇಷ ಹಾಕುವವರಿದ್ದಾರೆ. ಅವರು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬೇಗ ಹೋಗುತ್ತಾರೆ, ತಿಥಿಗೆ ಬಂದು ಕೂರುವುದಿಲ್ಲ. ಇನ್ನೊಂದು ಬಗೆಯವರಿಗೆ ದುಡ್ಡಿಗಿಂತ ಆ ‘ಸಾಹೇಬ್ರು’ ಅನ್ನುವ ಕೂಗು ಬೇಕು. ಹೆಲೆನ್ ಡಾಯ್ಚ್ ಎಂಬ ಮನೋವಿಶ್ಲೇಷಕಿ 1955ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ವಿವರವಾಗಿ ಬರೆದರು. ತಾನು ತುಂಬಾ ದೊಡ್ಡವನು ಎಂಬ ಕಲ್ಪನೆ ಅವನೊಳಗೆ ಬೆಳೆದಿರುತ್ತದೆ, ಇರುವ ಬದುಕು ಅದಕ್ಕೆ ಎಟಕುವುದಿಲ್ಲ, ಆ ಅಂತರವನ್ನು ಸಹಿಸಲಾರದೆ ಬೇರೆಯವನ ಹೆಸರಿನೊಳಗೆ ಹೋಗಿ ಕೂರುತ್ತಾನೆ. ಮೂರು ವರ್ಷದ ನಂತರ ಫಿಲ್ಲಿಸ್ ಗ್ರೀನೇಕರ್ ಎಂಬ ಮತ್ತೊಬ್ಬಾಕೆ ಇದಕ್ಕೆ ಇನ್ನೊಂದು ಮುಖ್ಯ ಮಾತು ಸೇರಿಸಿದರು: ಇಂಥವನಿಗೆ ನೋಡುವವರು ಬೇಕೇ ಬೇಕು. ಒಬ್ಬನೇ ಕೋಣೆಯಲ್ಲಿದ್ದರೆ ಅವನ ಪಾಲಿಗೂ ಆ ಅಧಿಕಾರಿ ಇರುವುದಿಲ್ಲ. ನಿಮ್ಮ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಾಗ ಮಾತ್ರ ಅವನು ತಾನು ಬಯಸಿದ ಮನುಷ್ಯ.

ಹಾಗಾಗಿ ಆ ದಿನ ಅತ್ತದ್ದು ನಿಜವೇ ಇದ್ದಿರಬಹುದು ಎಂದು ನನಗನ್ನಿಸುತ್ತದೆ. ಹೆಸರು ಸುಳ್ಳಾಗಿದ್ದೂ ದುಃಖ ನಿಜವಾಗಿರಲು ಸಾಧ್ಯ. ಆದರೆ ಇದರಿಂದ ಅವನ ಹೊಣೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅತ್ತವನೇ ಎರಡೂವರೆ ಲಕ್ಷವನ್ನೂ ಎಣಿಸಿಕೊಂಡ. ಆ ಎರಡರಲ್ಲಿ ಯಾವುದು ನಿಜವಾದ ಅವನು ಅಂತ ಹುಡುಕುತ್ತ ಕೂರಬೇಡಿ, ಎರಡೂ ಅವನೇ.

ನಿಮ್ಮ ತಂಗಿಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಇರುವುದು ಒಂದೇ ಸಾಲು. ಆದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅವಳು. ಮದುವೆಯಾಗಬೇಕಿದ್ದವನು ಸತ್ತಿದ್ದರೆ ನೆಂಟರು ಬರುತ್ತಿದ್ದರು, ಅಳಲು ಜಾಗ ಸಿಗುತ್ತಿತ್ತು. ಇವಳು ಪ್ರೀತಿಸಿದ ಮನುಷ್ಯ ಸತ್ತಿಲ್ಲ, ಇರಲೇ ಇಲ್ಲ. ಆ ದುಃಖಕ್ಕೆ ಸೂತಕವಿಲ್ಲ, ತಿಥಿಯಿಲ್ಲ, ಊರಲ್ಲಿ ಹೇಳಿಕೊಳ್ಳಲು ಹೆಸರೂ ಇಲ್ಲ. ‘ನಿನಗೆ ಒಂದು ದಿನವೂ ಅನುಮಾನ ಬರಲಿಲ್ವಾ’ ಎಂದು ದಯವಿಟ್ಟು ಯಾರೂ ಕೇಳಬೇಡಿ. ಅದನ್ನು ಅವಳು ರಾತ್ರಿಯೆಲ್ಲ ತನ್ನನ್ನೇ ಕೇಳಿಕೊಳ್ಳುತ್ತಿರುತ್ತಾಳೆ. ಪಕ್ಕದಲ್ಲಿರಿ, ತೋಟಕ್ಕೆ ಹೋಗುವಾಗ ಕರೆದುಕೊಂಡು ಹೋಗಿ. ಊಟ, ನಿದ್ದೆ ಪೂರ್ತಿ ಬಿಟ್ಟಿದ್ದರೆ, ಬದುಕು ಬೇಡ ಎಂಬಂಥ ಮಾತು ಬಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ಅಮ್ಮನ ಮಾತನ್ನು ನಾನು ಒಪ್ಪುವುದಿಲ್ಲ, ಇದನ್ನು ಅವರಿಗೇ ಓದಿ ಹೇಳಿ. ಅಮ್ಮಾ, ನಿಮ್ಮ ಭಯ ಅರ್ಥವಾಗುತ್ತದೆ, ಚಿಕ್ಕ ಮಗಳ ಮದುವೆ ಇನ್ನೂ ಆಗಬೇಕು. ಆದರೆ ನಿಮ್ಮ ಮನೆಗೆ ಬರುವ ಮುಂಚೆ ಅವನು ಇನ್ನೊಂದು ಮನೆಗೆ ಹೋಗಿರುವ ಸಾಧ್ಯತೆ ಬಹಳ ಇದೆ. ಅವರೂ ಹೀಗೇ ಬಾಯಿ ಮುಚ್ಚಿಕೊಂಡಿದ್ದರಿಂದ ಅವನು ನಿಮ್ಮ ಬಾಗಿಲು ತಟ್ಟಿದ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಬೇರೆಯವನೆಂದು ನಂಬಿಸಿ ಮೋಸ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂ ಇದೆ, 5 ವರ್ಷದವರೆಗೆ ಶಿಕ್ಷೆ ಆಗಬಹುದು. ಸರ್ಕಾರಿ ಅಧಿಕಾರಿಯ ಸೋಗು ಹಾಕಿ, ಆ ಹುದ್ದೆಯ ಹೆಸರಿನಲ್ಲಿ ಕೆಲಸ ಮಾಡುವುದಕ್ಕೆ 204ನೇ ಕಲಂ. ದುಡ್ಡು ಕಳಿಸಿದ ಫೋನ್‌ಪೇ ವಿವರ, ವಾಟ್ಸ್ಆ್ಯಪ್ ಮೆಸೇಜು, ಫೋಟೊ ಏನನ್ನೂ ಅಳಿಸಬೇಡಿ. ತಂಗಿ ಸಿಟ್ಟಿನಲ್ಲಿ ಎಲ್ಲ ಡಿಲೀಟ್ ಮಾಡುವ ಮುಂಚೆ ಇನ್ನೊಂದು ಫೋನಿಗೆ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು ನಾನು. ಮಕ್ಕಳು ಸುಳ್ಳು ಹೇಳಿದರೆ ಮುಖ ನೋಡಿ ಕಂಡುಹಿಡಿಯುತ್ತೇನೆ ಎಂಬ ವಿಶ್ವಾಸ ನನಗಿದೆ. ನಕಲಿ ವೈದ್ಯರು, ನಕಲಿ ಇನ್‌ಸ್ಪೆಕ್ಟರ್‌ಗಳು ವರ್ಷಗಟ್ಟಲೆ ಸಿಕ್ಕಿಬೀಳದೆ ಇರುವುದು ಹೇಗೆ? ಮುಖದಲ್ಲಿ ಏನಾದರೂ ಗುರುತು ಇರುತ್ತದೆಯೇ?
— ಅರಸೀಕೆರೆ

ಉತ್ತರ: ಇರುವುದಿಲ್ಲ ಮೇಷ್ಟ್ರೇ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಎಂಬ ಅಮೆರಿಕದ ಸಂಶೋಧಕರು ಇಂಥ ಹಲವಾರು ಪ್ರಯೋಗಗಳ ಫಲಿತಾಂಶವನ್ನು ಒಟ್ಟು ಸೇರಿಸಿ 2006ರಲ್ಲಿ ಪ್ರಕಟಿಸಿದರು. 24,000ಕ್ಕೂ ಹೆಚ್ಚು ಜನ ಮಾತು ಕೇಳಿ ಸುಳ್ಳೋ ನಿಜವೋ ಹೇಳಿದ್ದರು. ಸರಿಯಾಗಿ ಹೇಳಿದ್ದು ಸರಾಸರಿ 54 ಶೇಕಡಾ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತಿತ್ತು. ನಿಮ್ಮ ತರಗತಿಯ ಹುಡುಗರ ವಿಷಯದಲ್ಲಿ ನೀವು ಗೆಲ್ಲುವುದು ಮುಖ ಓದಿ ಅಲ್ಲ. ಅವರ ಮನೆ, ಅಪ್ಪ, ಹೋಮ್‌ವರ್ಕು ಎಲ್ಲ ನಿಮಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ.

ನಾವು ನೋಡುವುದು ಬಟ್ಟೆಯನ್ನು. ಲಿಯೊನಾರ್ಡ್ ಬಿಕ್‌ಮನ್ ಎಂಬ ಮನಃಶಾಸ್ತ್ರಜ್ಞ ನ್ಯೂಯಾರ್ಕಿನ ಬೀದಿಯಲ್ಲಿ ಮಾಡಿದ ಪ್ರಯೋಗ 1974ರಲ್ಲಿ ಪ್ರಕಟವಾಯಿತು. ಪ್ರಯೋಗದ ಕಡೆಯ ಒಬ್ಬ ವ್ಯಕ್ತಿ ದಾರಿಹೋಕರನ್ನು ನಿಲ್ಲಿಸಿ ಅಲ್ಲಿ ಬಿದ್ದ ಚೀಲ ಎತ್ತಿ ಎಂದೋ, ಅಲ್ಲಿ ನಿಂತವರ ಪಾರ್ಕಿಂಗ್‌ಗೆ ಚಿಲ್ಲರೆ ಕೊಡಿ ಎಂದೋ ಹೇಳುತ್ತಾನೆ. ಸಾಮಾನ್ಯ ಉಡುಪಿನಲ್ಲಿದ್ದಾಗ, ಹಾಲು ಮಾರುವವನ ಉಡುಪಿನಲ್ಲಿದ್ದಾಗ ಮಾತು ಕೇಳಿದವರು ಕಡಿಮೆ. ಗಾರ್ಡ್ ಯೂನಿಫಾರಂ ಹಾಕಿದಾಗ ಮಾತು ಕೇಳಿದವರೇ ಹೆಚ್ಚು. ಜರ್ಮನಿಯಲ್ಲಿ ಇದಕ್ಕೂ ಬಹಳ ಹಿಂದೆ, 1906ರ ಅಕ್ಟೋಬರ್ 16ರಂದು, ವಿಲ್ಹೆಲ್ಮ್ ಫೋಗ್ಟ್ ಎಂಬ ಚಪ್ಪಲಿ ಹೊಲಿಯುವವನು ಹಳೇ ಬಟ್ಟೆ ಅಂಗಡಿಗಳಲ್ಲಿ ಕ್ಯಾಪ್ಟನ್ ಸಮವಸ್ತ್ರದ ಒಂದೊಂದೇ ಭಾಗ ಕೊಂಡು ತೊಟ್ಟುಕೊಂಡ. ಬೀದಿಯಲ್ಲಿ ಹೋಗುತ್ತಿದ್ದ ಸಿಪಾಯಿಗಳನ್ನು ನಿಲ್ಲಿಸಿ ಹಿಂದೆ ಬನ್ನಿ ಅಂದ, ಬಂದರು. ಕೋಪೆನಿಕ್ ಪುರಸಭೆಗೆ ನುಗ್ಗಿ ಮೇಯರನ್ನೇ ದಸ್ತಗಿರಿ ಮಾಡಿಸಿ, ಖಜಾನೆಯ ಹಣಕ್ಕೆ ರಸೀದಿ ಬರೆದುಕೊಟ್ಟು ತೆಗೆದುಕೊಂಡು ಹೋದ. ಒಬ್ಬ ಸಿಪಾಯಿಯೂ ನಿಮ್ಮ ಆದೇಶಪತ್ರ ಎಲ್ಲಿ ಅಂತ ಕೇಳಲಿಲ್ಲ. ಫೋಗ್ಟ್‌ನ ಕಥೆ ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ, ನನಗೆ ಅದೇ ಮುಖ್ಯ. ಅವನು ಮೊದಲು ಜೈಲಿನಲ್ಲಿದ್ದು ಬಂದವನು. ಹೊರಬಂದ ಮೇಲೆ ಯಾವ ಊರಲ್ಲಿ ನೆಲೆಸಲು ಹೋದರೂ ಪೊಲೀಸರು ಹೊರಗೆ ಹಾಕುತ್ತಿದ್ದರು, ಪಾಸ್‌ಪೋರ್ಟನ್ನೂ ಕೊಡಲಿಲ್ಲ. ಸ್ವಂತ ಹೆಸರಿನಲ್ಲಿ ಬದುಕಲು ಬಿಡದವರು, ಸಮವಸ್ತ್ರ ತೊಟ್ಟು ಬಂದಾಗ ಸೆಲ್ಯೂಟ್ ಹೊಡೆದರು.

ನಕಲಿ ವೈದ್ಯರ ಬಗ್ಗೆ ಕೇಳಿದಿರಿ. ಅಮೆರಿಕದ ಫರ್ಡಿನಂಡ್ ಡೆಮಾರಾ ಅನ್ನುವವನು ಜೋಸೆಫ್ ಸಿರ್ ಎಂಬ ನಿಜವಾದ ವೈದ್ಯರ ದಾಖಲೆ ಹಿಡಿದುಕೊಂಡು ಕೆನಡಾದ ನೌಕಾಪಡೆ ಸೇರಿದ. 1951ರಲ್ಲಿ, ಕೊರಿಯಾ ಯುದ್ಧದ ಹೊತ್ತಿನಲ್ಲಿ, ಕಯೂಗಾ ಎಂಬ ಹಡಗಿನಲ್ಲಿ ಪುಸ್ತಕ ನೋಡಿಕೊಂಡು ಶಸ್ತ್ರಚಿಕಿತ್ಸೆಯನ್ನೂ ಮಾಡಿದ. ಅವನ ಸುಳ್ಳು ಬಯಲಾಗಿದ್ದು ಹಡಗಿನವರ ಜಾಣತನದಿಂದಲ್ಲ. ಅವನ ಸಾಹಸ ಪತ್ರಿಕೆಯಲ್ಲಿ ಬಂತು, ಅದನ್ನು ನಿಜವಾದ ಡಾಕ್ಟರ್ ಸಿರ್ ಅವರ ತಾಯಿ ಓದಿದರು, ನನ್ನ ಮಗ ಇಲ್ಲೇ ಇದ್ದಾನಲ್ಲ ಅಂದರು. ಸಿಕ್ಕಿಬೀಳುವುದು ಹೆಚ್ಚಾಗಿ ಹೀಗೆಯೇ: ಹೊರಗಿನವರೊಬ್ಬರು ಒಂದು ದಾಖಲೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ. ನಾವೂ ಮುಖ ನೋಡುವುದನ್ನು ಬಿಟ್ಟು ಇದನ್ನೇ ಮಾಡಬಹುದು. ಕ್ಲಿನಿಕ್‌ನಲ್ಲಿ ಕೆಪಿಎಂಇ ನೋಂದಣಿ ಪತ್ರ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಸರ್ಕಾರ ಕೊಡುವುದು) ಗೋಡೆಯ ಮೇಲಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ವೈದ್ಯರ ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು. ಕೆಪಿಎಸ್‌ಸಿ ಆಯ್ಕೆಪಟ್ಟಿ ಯಾರು ಬೇಕಾದರೂ ನೋಡುವಂಥದ್ದು. ಕೇಳಿದರೆ ಅವರಿಗೆ ಬೇಜಾರಾಗುತ್ತದೆ ಎಂಬ ಸಂಕೋಚ ನಮ್ಮ ಮಲೆನಾಡಿನ ಕಡೆ ಬಹಳ. ನಿಜವಾದ ಡಾಕ್ಟರಿಗೆ ಬೇಜಾರಾಗುವುದಿಲ್ಲ.

ಪ್ರಶ್ನೆ: ನಾನು ಹವ್ಯಾಸಿ ಯಕ್ಷಗಾನ ಕಲಾವಿದ. ಪಾಂಡವರೂ ಅಜ್ಞಾತವಾಸದಲ್ಲಿ ಸುಳ್ಳು ಹೆಸರಿನಲ್ಲೇ ಇದ್ದರಲ್ಲ? ನಾವೂ ರಾತ್ರಿಯೆಲ್ಲ ಇನ್ನೊಬ್ಬರಾಗಿರುತ್ತೇವೆ. ಹಾಗಾದರೆ ಮೋಸಗಾರನ ವೇಷಕ್ಕೂ ಇದಕ್ಕೂ ಗೆರೆ ಎಲ್ಲಿ?
— ಕೊಪ್ಪ

ಉತ್ತರ: ನಿಮ್ಮದು ಸುಲಭ. ನೀವು ಕೀಚಕನಾಗಿ ಕುಣಿಯುವಾಗ ಎದುರು ಕೂತ ಮುದುಕಿಗೂ ಗೊತ್ತು ಇವನು ಯಾರ ಮನೆ ಹುಡುಗ ಅಂತ. ಬೆಳಗಿನ ಜಾವ ಚೌಕಿಗೆ, ಅಂದರೆ ಬಣ್ಣದ ಕೋಣೆಗೆ, ಹೋಗಿ ಬಣ್ಣ ತೆಗೆಯುತ್ತೀರಿ. ಮೋಸಗಾರನಿಗೆ ಚೌಕಿ ಇಲ್ಲ. ಹೆಂಡತಿಯ ಎದುರೂ ಬಣ್ಣ ತೆಗೆಯುವಂತಿಲ್ಲ. ಆ ದಣಿವನ್ನು ಸಿಕ್ಕಿಬಿದ್ದವರ ಬಾಯಲ್ಲಿ ನಾನು ಕೇಳಿದ್ದೇನೆ. ಸಿಕ್ಕಿಬಿದ್ದ ದಿನ ಚೆನ್ನಾಗಿ ನಿದ್ದೆ ಬಂತು ಎಂದವರೂ ಇದ್ದಾರೆ.

ಪಾಂಡವರದು ಬೇರೆ. ಧರ್ಮರಾಯ ಕಂಕನಾಗಿ, ಭೀಮ ಅಡುಗೆಯವನಾಗಿ, ಅರ್ಜುನ ಬೃಹನ್ನಳೆಯಾಗಿ ವಿರಾಟನ ಮನೆಯಲ್ಲಿದ್ದರು. ಎಲ್ಲರೂ ತಮಗಿಂತ ಕೆಳಗಿನ ಸ್ಥಾನಕ್ಕೆ ಇಳಿದರು, ಒಂದೇ ವರ್ಷದ ಗಡುವಿತ್ತು, ವಿರಾಟ ಕೊಟ್ಟ ಸಂಬಳಕ್ಕೆ ಸರಿಯಾಗಿ ದುಡಿದರು. ಮೋಸದ ವೇಷಕ್ಕೆ ಹೋಲಿಕೆ ಬೇಕಿದ್ದರೆ ಭಾಗವತದ ಪೌಂಡ್ರಕನನ್ನು ನೋಡಿ. ಕರೂಷ ದೇಶದ ಈ ರಾಜ ನಕಲಿ ಶಂಖ, ಚಕ್ರ ಮಾಡಿಸಿಕೊಂಡು ನಾನೇ ವಾಸುದೇವ ಅಂದ. ಸಾಲದ್ದಕ್ಕೆ ಕೃಷ್ಣನಿಗೇ ದೂತನನ್ನು ಕಳಿಸಿ ನಿನ್ನ ಚಿಹ್ನೆಗಳನ್ನು ಬಿಟ್ಟುಕೊಡು ಅಂದ. ಭಾಗವತ ಅಲ್ಲೊಂದು ಸೂಕ್ಷ್ಮ ಹೇಳುತ್ತದೆ: ನೀನೇ ವಾಸುದೇವ ಎಂದು ಅವನನ್ನು ಉಬ್ಬಿಸಿದವರು ಸುತ್ತಲಿನ ಮೂರ್ಖರು. ಮೂಡಿಗೆರೆಯ ತಂಗಿಗೆ ಮೇಲೆ ಹೇಳಿದ ಮಾತು ಇಷ್ಟು ಹಳೆಯದು.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ ಎಂದು ನಂಬಿದ್ದೆವು. ತಿಂಗಳಿಗೆ ಸರಿಯಾಗಿ ದುಡ್ಡು ಕಳಿಸುತ್ತಾನೆ. ಮೊನ್ನೆ ನಮ್ಮೂರಿನವರೊಬ್ಬರು ಅವನು ಊಟದ ಪಾರ್ಸೆಲ್ ಹಂಚುವುದನ್ನು ನೋಡಿದ್ದಾರೆ. ಇಂಜಿನಿಯರಿಂಗ್‌ನಲ್ಲಿ ಐದು ಸಬ್ಜೆಕ್ಟ್ ಉಳಿದಿವೆಯಂತೆ. ಕುತ್ತಿಗೆಗೆ ಕಂಪನಿ ಟ್ಯಾಗ್ ಹಾಕಿಕೊಂಡು ಊರಿಗೆ ಬರುತ್ತಿದ್ದ. ಇವನೂ ಒಬ್ಬ ವಂಚಕನೇ ಅಲ್ಲವೇ? ಹೋಗಿ ಕೈಗೆ ಸಿಕ್ಕಿದ್ದರಲ್ಲಿ ಬಾರಿಸಬೇಕು ಅನ್ನಿಸುತ್ತದೆ.
— ಹೊಳೆನರಸೀಪುರ

ಉತ್ತರ: ಬಾರಿಸಬೇಡಿ ಅಣ್ಣ. ಮೊದಲು ಒಂದು ವಿಷಯ ಯೋಚಿಸಿ: ಪ್ರತಿ ತಿಂಗಳು ಅವನು ಕಳಿಸಿದ ದುಡ್ಡು ನಿಜವಾದದ್ದು. ಮಳೆಯಲ್ಲಿ ಗಾಡಿ ಓಡಿಸಿ, ತಾನು ಉಪವಾಸ ಬಿದ್ದಾದರೂ ನಿಮಗೆ ಕಳಿಸಿದ್ದಾನೆ. ಯಾರ ಮನೆಯನ್ನೂ ಮುರಿದಿಲ್ಲ. ಅವನು ಅಡಗಿಸಿಟ್ಟದ್ದು ತನ್ನ ಸೋಲನ್ನು.

ಈ ಬಗೆಯ ಸುಳ್ಳನ್ನು ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದೇನೆ, ಎಲ್ಲಕ್ಕಿಂತ ಹೆಚ್ಚು ಮರುಕ ಹುಟ್ಟುವುದೂ ಇದರ ಬಗ್ಗೆಯೇ. ಶುರುವಾಗುವುದು ಒಂದೇ ಫೋನ್ ಕಾಲ್‌ನಲ್ಲಿ. ರಿಸಲ್ಟ್ ಏನಾಯಿತು ಅಂತ ನೀವು ಕೇಳಿದಿರಿ, ಆಯಿತು ಅಪ್ಪ ಅಂದ. ಅದನ್ನು ಉಳಿಸಿಕೊಳ್ಳಲು ಮುಂದಿನ ವಾರ ಇನ್ನೊಂದು ಹೇಳಬೇಕಾಯಿತು. ಅಷ್ಟರಲ್ಲಿ ನೀವು ಊರಿಗೆಲ್ಲ ಹೇಳಿಯಾಗಿತ್ತು. ವಾಪಸ್ ಬರುವ ದಾರಿ ದಿನದಿಂದ ದಿನಕ್ಕೆ ಕಡಿದಾಗುತ್ತ ಹೋಗುತ್ತದೆ.

ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ ಎಂಬುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. ಫ್ರಾನ್ಸಿನ ಜಾನ್-ಕ್ಲೋಡ್ ರೋಮಾನ್ ಎಂಬವನು ವೈದ್ಯಕೀಯ ಎರಡನೇ ವರ್ಷದ ಒಂದು ಪರೀಕ್ಷೆಗೆ ಹೋಗಲಿಲ್ಲ. ಪಾಸಾದೆ ಎಂದು ಮನೆಯಲ್ಲಿ ಹೇಳಿದ. ಅಲ್ಲಿಂದ ಸುಮಾರು 18 ವರ್ಷ ವೈದ್ಯನೆಂದು, ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕನೆಂದು ಹೆಂಡತಿ ಮಕ್ಕಳನ್ನೂ ನಂಬಿಸಿ ಬದುಕಿದ. ದಿನವೂ ಕೆಲಸಕ್ಕೆಂದು ಹೊರಟು ಕಾರಿನಲ್ಲಿ, ರಸ್ತೆಬದಿಯಲ್ಲಿ ಹೊತ್ತು ಕಳೆಯುತ್ತಿದ್ದ. ಬಯಲಾಗುವ ಹೊತ್ತು ಬಂದಾಗ, 1993ರ ಜನವರಿಯಲ್ಲಿ, ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರನ್ನೂ ಕೊಂದ. ಇಂಥದ್ದು ಅತ್ಯಂತ ಅಪರೂಪ, ಅವನು ಬಂಧುಬಳಗದ ಹಣವನ್ನೂ ನುಂಗಿದ್ದ. ನಿಮ್ಮ ಮಗನಿಗೂ ಅವನಿಗೂ ಹೋಲಿಕೆಯೇ ಇಲ್ಲ. ನಾನು ನಿಮಗೆ ತೋರಿಸಬೇಕೆಂದಿರುವುದು ಆ ಮೊದಲ ದಿನವನ್ನು ಮಾತ್ರ. ಆ ದಿನ ಮನೆಗೆ ಹೋಗಿ ‘ಪರೀಕ್ಷೆಗೆ ಹೋಗಲಿಲ್ಲ’ ಎಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ನಿಮ್ಮ ಮಗನಿಗೆ ಆ ಧೈರ್ಯ ನೀವು ಕೊಡಬಹುದು. ಸಿಕ್ಕಿಬಿದ್ದೆ ಎಂದು ಗೊತ್ತಾಗುವ ಹೊತ್ತು ಇಂಥ ಹುಡುಗರಿಗೆ ತುಂಬ ಅಪಾಯದ್ದು, ತಮಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬರುವುದು ಆಗಲೇ. ನೆಂಟರ ಎದುರು, ಫೋನಿನಲ್ಲಿ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದನ್ನು ಎತ್ತಲೇಬೇಡಿ.

ಒಬ್ಬರೇ ಬೆಂಗಳೂರಿಗೆ ಹೋಗಿ. ಅವನ ರೂಮಿನಲ್ಲಿ ಒಂದು ರಾತ್ರಿ ಇರಿ. ‘ನೀನು ಮಾಡುತ್ತಿರುವ ಕೆಲಸ ನನಗೆ ಗೊತ್ತಾಗಿದೆ, ಕಷ್ಟಪಟ್ಟು ಕಳಿಸಿದ್ದೀಯ, ನನಗೆ ಬೇಜಾರಿಲ್ಲ’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಸುಳ್ಳು ಯಾಕೆ ಹೇಳಿದೆ ಅಂತ ಆ ರಾತ್ರಿ ಕೇಳಬೇಡಿ. ಉಳಿದ ಐದು ಸಬ್ಜೆಕ್ಟಿನ ಮಾತು ಇನ್ನೊಂದು ತಿಂಗಳು ತಡವಾದರೆ ಏನೂ ಆಗುವುದಿಲ್ಲ.

ಪ್ರಶ್ನೆ: ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಕುಟುಂಬದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಒಳ್ಳೆಯ ಅಂಕ ಬಂದರೂ ಅದೃಷ್ಟ ಅನ್ನಿಸುತ್ತದೆ. ಬಿಳಿ ಕೋಟು ಹಾಕಿದಾಗ ನಾನೇ ನಕಲಿ, ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಭಯ.
— ಹಾಸನ

ಉತ್ತರ: ಮಗೂ, ಈ ಭಯವನ್ನು 1978ರಲ್ಲೇ ಪಾಲಿನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆಯರು ಗುರುತಿಸಿ ಬರೆದರು. ಅವರು ಗಮನಿಸಿದ್ದು ಓದಿನಲ್ಲಿ, ಕೆಲಸದಲ್ಲಿ ಮುಂದೆ ಬಂದ ಹೆಣ್ಣುಮಕ್ಕಳನ್ನೇ. ಈ ಪುಟದಲ್ಲಿರುವ ನಕಲಿಗಳಿಗೆ ಇಲ್ಲದ್ದು ನಿನ್ನಲ್ಲಿದೆ: ಹಾಲ್‌ಟಿಕೆಟ್, ಅಂಕಪಟ್ಟಿ, ಬರೆದ ಪರೀಕ್ಷೆ. ವಾರ್ಡಿನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಸರ್ ಎಂದು ಹೇಳುವ ಅಭ್ಯಾಸ ಮಾಡಿಕೋ. ಡೆಮಾರಾನಂಥವರಿಗೆ ಆ ಮಾತು ಹೇಳುವ ಸ್ವಾತಂತ್ರ್ಯವೇ ಇರಲಿಲ್ಲ. ನಿದ್ದೆ ಕೆಡುವಷ್ಟಾದರೆ ಸಾಲಗಾಮೆ ರಸ್ತೆಗೆ ಬಾ.

ಪ್ರಶ್ನೆ: ಸತ್ತು ಸುಟ್ಟುಹಾಕಿದ ರಾಜಕುಮಾರ ಸನ್ಯಾಸಿಯಾಗಿ ವಾಪಸ್ ಬಂದ ಬಂಗಾಳದ ಕಥೆಯನ್ನು ನಮ್ಮಜ್ಜ ಹೇಳುತ್ತಿದ್ದರು. ಅದು ನಿಜವಾಗಿ ನಡೆದದ್ದೇ? ಅವನು ಮೋಸಗಾರನಾಗಿದ್ದನೇ?
— ಬೇಲೂರು

ಉತ್ತರ: ನಡೆದದ್ದು. ಢಾಕಾ ಹತ್ತಿರದ ಭಾವಲ್ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರ ನಾರಾಯಣ ರಾಯ್. ಕಾಯಿಲೆ ಬಿದ್ದು ಡಾರ್ಜಿಲಿಂಗ್‌ಗೆ ಹೋದವರು 1909ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು ಎಂದು ಸುದ್ದಿ ಬಂತು. ಹನ್ನೆರಡು ವರ್ಷದ ಹೊತ್ತಿಗೆ ಢಾಕಾದ ನದೀತೀರದಲ್ಲಿ ಬೂದಿ ಬಳಿದ ಸನ್ಯಾಸಿಯೊಬ್ಬ ಕಾಣಿಸಿಕೊಂಡ. ಜನ ಇವರೇ ಕುಮಾರರು ಅನ್ನತೊಡಗಿದರು. ಸಹೋದರಿ ಜ್ಯೋತಿರ್ಮಯಿ ದೇವಿ ಮನೆಗೆ ಕರೆಸಿ ಮೈಮೇಲಿನ ಗುರುತುಗಳನ್ನು ನೋಡಿ ಒಪ್ಪಿದರು. ಹೆಂಡತಿ ಬಿಭಾವತಿ ದೇವಿ ಕೊನೆಯವರೆಗೂ ಒಪ್ಪಲಿಲ್ಲ. ಬ್ರಿಟಿಷ್ ಸರ್ಕಾರ 1921ರಲ್ಲೇ ಇವನು ಮೋಸಗಾರ ಎಂದು ಸಾರಿತ್ತು. ಜಮೀನ್ದಾರಿ ಆಗ ಸರ್ಕಾರದ ಕೋರ್ಟ್ ಆಫ್ ವಾರ್ಡ್ಸ್, ಅಂದರೆ ಜಮೀನ್ದಾರರ ಆಸ್ತಿ ನೋಡಿಕೊಳ್ಳುವ ಇಲಾಖೆಯ ಕೈಯಲ್ಲಿತ್ತು.

1930ರಲ್ಲಿ ಸನ್ಯಾಸಿ ದಾವೆ ಹೂಡಿದ. ಎರಡೂ ಕಡೆಯಿಂದ ಸಾವಿರಕ್ಕೂ ಹೆಚ್ಚು ಸಾಕ್ಷಿಗಳು. ನಡಿಗೆ, ಕಿವಿಯ ಆಕಾರ, ಕಾಲಿನ ಮೇಲಿನ ಹಳೆಯ ಗಾಯದ ಕಲೆ, ಅಕ್ಷರ ಎಲ್ಲದರ ಬಗ್ಗೆಯೂ ವಾದ. ಢಾಕಾದ ನ್ಯಾಯಾಧೀಶ ಪನ್ನಾಲಾಲ್ ಬಸು 1936ರಲ್ಲಿ ಇವನೇ ಕುಮಾರ ಎಂದು ತೀರ್ಪು ಕೊಟ್ಟರು. ಕಲ್ಕತ್ತಾ ಹೈಕೋರ್ಟು 1940ರಲ್ಲಿ ಅದನ್ನು ಎತ್ತಿಹಿಡಿಯಿತು. ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1946ರ ಜುಲೈ 30ರಂದು ಬಿಭಾವತಿಯವರ ಮೇಲ್ಮನವಿಯನ್ನು ವಜಾ ಮಾಡಿತು. ಆ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಗೆದ್ದವರೂ ತೀರಿಕೊಂಡರು. ಕಾನೂನಿನ ಪ್ರಕಾರ ಅವರು ಮೋಸಗಾರರಲ್ಲ.

ಡಿಎನ್‌ಎ ಪರೀಕ್ಷೆ ಇಲ್ಲದ ಕಾಲ ಅದು. ಕ್ರಾಂತಿಯ ಹೊತ್ತಿನಲ್ಲಿ ಕುಟುಂಬದೊಂದಿಗೆ ಕೊಲೆಯಾದ ರಷ್ಯಾದ ರಾಜಕುಮಾರಿ ಅನಸ್ತಾಸಿಯಾ ನಾನೇ ಎಂದು ದಶಕಗಳ ಕಾಲ ಹೇಳಿಕೊಂಡ ಆ್ಯನಾ ಆ್ಯಂಡರ್ಸನ್ 1984ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಆಸ್ಪತ್ರೆಯಲ್ಲಿ ಉಳಿದಿದ್ದ ಅವರ ಅಂಗಾಂಶ ಪರೀಕ್ಷಿಸಿದಾಗ ರಾಜಮನೆತನಕ್ಕೆ ಸಂಬಂಧವೇ ಇಲ್ಲ, ಪೋಲೆಂಡಿನ ಕಾರ್ಮಿಕ ಮಹಿಳೆಯೊಬ್ಬಳ ಕುಟುಂಬಕ್ಕೆ ಹೊಂದುತ್ತದೆ ಎಂದು ತಿಳಿಯಿತು. 1920ರಲ್ಲಿ ಬರ್ಲಿನ್ನಿನ ಕಾಲುವೆಗೆ ಹಾರಿದ್ದ ಆಕೆಯನ್ನು ಎತ್ತಿ ಉಳಿಸಿ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು; ಅಲ್ಲಿ ಆಕೆ ತನ್ನ ಹೆಸರು ಹೇಳಲಿಲ್ಲ. ರಾಜಕುಮಾರಿಯ ಹೋಲಿಕೆ ಇದೆ ಎಂದು ಮೊದಲು ಸುದ್ದಿ ಎಬ್ಬಿಸಿದ್ದು ಅದೇ ಆಸ್ಪತ್ರೆಯ ಇನ್ನೊಬ್ಬ ರೋಗಿ. ಬದುಕೇ ಬೇಡವೆಂದು ನೀರಿಗೆ ಹಾರಿದ ಬಡ ಹೆಣ್ಣಿಗೆ ಜನ ಕಿರೀಟ ತಂದು ಕೊಟ್ಟಾಗ, ಆಕೆ ಅದನ್ನು ಬೇಡ ಅನ್ನಲಿಲ್ಲ. ಕೊನೆಕೊನೆಗೆ ಆಕೆಯೂ ಅದನ್ನು ನಂಬಿದ್ದರು ಎಂದೇ ನನ್ನ ಅನಿಸಿಕೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮುಂಬೈ ಪೊಲೀಸ್ ಎಂದು ಯೂನಿಫಾರಂ ಹಾಕಿದವನು ವಿಡಿಯೊ ಕಾಲ್ ಮಾಡಿದ. ನಿಮ್ಮ ಆಧಾರ್‌ನಲ್ಲಿ ಡ್ರಗ್ಸ್ ಪಾರ್ಸೆಲ್ ಹೋಗಿದೆ, ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎಂದು ಎರಡು ದಿನ ಫೋನ್ ಕಟ್ ಮಾಡಲು ಬಿಡಲಿಲ್ಲ. ನಿನ್ನೆ ರಾತ್ರಿ ಪಿಂಚಣಿ ಹಣ ಕಳಿಸಿದೆ. ಮಗಳಿಗೆ ಇನ್ನೂ ಹೇಳಿಲ್ಲ.
— ಕಡೂರು

ಉತ್ತರ: ಟೀಚರ್, ನಿಮ್ಮ ಇಮೇಲ್ ಬಂದ ತಕ್ಷಣ ಫೋನ್ ಮಾಡಿ ಮಾತಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದನ್ನು ಓದುವ ಬೇರೆಯವರಿಗಾಗಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಯಾವ ಪೊಲೀಸರೂ ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ, ತನಿಖೆಗೆಂದು ಹಣ ವರ್ಗಾಯಿಸಿಕೊಳ್ಳುವುದಿಲ್ಲ. ಫೋನ್ ಕಟ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ ಎಂದು ಅವರು ಯಾಕೆ ಗದರಿಸುತ್ತಾರೆ ಗೊತ್ತೇ? ಡೆಮಾರಾನ ಸುಳ್ಳು ಬಿದ್ದದ್ದು ಹೊರಗಿನ ಒಬ್ಬ ತಾಯಿ ಪೇಪರ್ ಓದಿದ್ದರಿಂದ. ಪಕ್ಕದ ಮನೆಯವರ ಕಿವಿಗೆ ಬಿದ್ದರೂ ಸಾಕು, ಈ ಸುಳ್ಳೂ ಬಿದ್ದುಹೋಗುತ್ತದೆ. ಹೆದರಿಕೆಯಲ್ಲಿ ಎರಡು ದಿನ ನಿದ್ದೆಗೆಟ್ಟವರ ಬುದ್ಧಿ ಯಾರದ್ದಾದರೂ ಕೆಲಸ ಮಾಡುವುದಿಲ್ಲ; ಮೂವತ್ತು ವರ್ಷ ಗಣಿತ ಕಲಿಸಿದವರದ್ದೂ ಅಷ್ಟೇ. ಹಣ ಕಳಿಸಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಮೋಸಗಾರರ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಆಮೇಲೆ ಜಿಲ್ಲಾ ಸೈಬರ್ ಠಾಣೆಯಲ್ಲಿ ಲಿಖಿತ ದೂರು ಕೊಡಿ.

ಮಗಳಿಗೆ ಹೇಳುವ ಕೆಲಸ ಒಂದು ಬಾಕಿ ಇದೆ ಟೀಚರ್. ಅವಳು ಬೈಯಬಹುದು ಅನ್ನುವ ಭಯ ಇದ್ದರೆ ಈ ಪುಟವನ್ನು ಮೊದಲು ಅವಳಿಗೆ ಕೊಡಿ, ಇಲ್ಲವೇ ನನ್ನ ನಂಬರು ಕೊಡಿ, ನಾನು ಮಾತಾಡುತ್ತೇನೆ.